ಭಾನುವಾರದ ಎರಡೆರಡು ಊಟ

ಕೋರ್ಟಿನ ಆದೇಶದಲ್ಲಿ ಎಲ್ಲವೂ ಇತ್ತು. ಗಂಡ ನನ್ನ ಹತ್ತಿರ ಬರಕೂಡದು, ಫೋನು ಮಾಡಕೂಡದು. ಮಗಳನ್ನು ಭಾನುವಾರ ಬೆಳಿಗ್ಗೆ ಅವನ ತಾಯಿ ಬಂದು ಕರೆದುಕೊಂಡು ಹೋಗಿ, ಸಂಜೆ ವಾಪಸ್ ತಂದು ಬಿಡಬೇಕು. ಮಗು ಎಲ್ಲಿ ಉಣ್ಣಬೇಕು ಅನ್ನುವುದು ಮಾತ್ರ ಇರಲಿಲ್ಲ. ಜಡ್ಜಿಗೆ ಅದೆಲ್ಲಿ ಹೊಳೆಯಬೇಕು!

ಅತ್ತೆ ಅರಿಶಿನಕುಂಟೆಯಿಂದ ಬಂದು ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು. ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ಬಸ್ಸು ಹೊರಟ ಮೇಲೆ ನನಗೆ ದಿನವೇ ಕಳೆಯುತ್ತಿರಲಿಲ್ಲ. ವಾರವೆಲ್ಲ ಗಾರ್ಮೆಂಟ್ಸ್‌ನಲ್ಲಿ ತಲೆ ಎತ್ತದೆ ಹೊಲಿಯುವವಳಿಗೆ ಆ ರಜೆಯೇ ಬೇಡವಾಗಿತ್ತು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದದ್ದುಂಟು. ಗಂಡನನ್ನು ಬಿಟ್ಟು ಬಂದಾಗಲೂ ಅಷ್ಟು ಒಂಟಿ ಅನ್ನಿಸಿರಲಿಲ್ಲ.

ಸಂಜೆಯ ಅಡುಗೆಯೊಂದೇ ಆಸರೆ. ಮಗಳು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದೆ, "ಊಟ ಆಯ್ತಾ?"

"ಇಲ್ಲಮ್ಮ."

ಮಗುವಿಗೆ ಒಂದು ತುತ್ತು ಅನ್ನ ಹಾಕಲೂ ಗತಿಯಿಲ್ಲವಾ ಎಂದು ಅವರ ವಂಶವನ್ನೆಲ್ಲ ಬೈಯುತ್ತಲೇ ತಟ್ಟೆ ತುಂಬಿಸುತ್ತಿದ್ದೆ. ಬೈಯುವಾಗ ಖುಷಿಯೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ಭಾನುವಾರ ಉಂಡೆದ್ದವಳು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ನಾನು ಬಡಿಸಿದ್ದು ಸೊಪ್ಪಿನ ಬಸ್ಸಾರು, ಹೊರಗೆ ಬಂದದ್ದರಲ್ಲಿ ಕೋಳಿ ತುಂಡುಗಳಿದ್ದವು. ಬೆನ್ನು ನೀವುತ್ತಾ ಕೇಳಿದ್ದಕ್ಕೆ ಅಳುತ್ತಲೇ ಹೇಳಿದಳು:

"ಅಲ್ಲಿ ತಿಂದೆ ಅಂದ್ರೆ ನಿಂಗೆ ಬೇಜಾರಾಗುತ್ತೆ. ಇಲ್ಲಿ ತಿಂದ್ಕೊಂಡು ಬಂದೆ ಅಂದ್ರೆ ಅಜ್ಜಿ ಅಳ್ತಾರೆ. ಅದಕ್ಕೇ ಎರಡ್ ಕಡೇನೂ ಇಲ್ಲ ಅಂತೀನಿ."

ಏಳು ವರ್ಷದ ಮಗು.

ಮುಂದಿನ ವಾರ ಬಸ್ ಸ್ಟ್ಯಾಂಡಿನಲ್ಲಿ ನಾನೇ ಬಾಯಿ ತೆರೆದೆ. "ಅತ್ತೆ, ಇನ್ಮೇಲೆ ಭಾನುವಾರದ ಊಟ ನಿಮ್ಮಲ್ಲೇ ಆಗ್ಲಿ. ಬೆಳಗ್ಗೆ ಬರೀ ಹಾಲು ಕೊಟ್ಟು ಕಳಿಸ್ತೀನಿ, ರಾತ್ರಿಗೂ ಒತ್ತಾಯ ಮಾಡಲ್ಲ."

"ಆಯ್ತು ಕಣಮ್ಮ," ಎಂದವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮನೆಗೆ ಬಂದು ನನ್ನೊಬ್ಬಳಿಗೇ ಒಂದು ಮುದ್ದೆ ಕಟ್ಟಿದೆ. ಅರ್ಧಕ್ಕೇ ಎದ್ದು ಕೈ ತೊಳೆದೆ.

ಸಂಜೆ ಮಗಳು ಬಂದಾಗ ಅಭ್ಯಾಸಬಲದಿಂದ ಅದನ್ನೇ ಕೇಳಿದೆ. "ಊಟ ಆಯ್ತಾ?"

"ಹೂಂ."

"ಯಾರು ಮಾಡಿದ್ರು?"

"ಅಪ್ಪ."

ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ನನ್ನ ಮೇಲೆ ಕೈ ಮಾಡಿದವನು! ಆದರೂ ಕೇಳಿದೆ, "ಚೆನ್ನಾಗಿತ್ತಾ?"

ಅವಳು ಏನು ಹೇಳಿದರೆ ಸರಿಹೋಗುತ್ತದೆ ಎಂದು ನನ್ನ ಮುಖವನ್ನೇ ನೋಡುತ್ತಾ ನಿಂತಳು. ನಾನು ಗೋಡೆಯ ಕಡೆ ತಿರುಗಿ ಬಟ್ಟೆ ಮಡಿಸತೊಡಗಿದೆ.

"ಹೇಳೇ, ಪರವಾಗಿಲ್ಲ."

ಬೆನ್ನ ಹಿಂದಿನಿಂದ ದನಿ ಬಂತು. "ತುಂಬಾ ಚೆನ್ನಾಗಿತ್ತಮ್ಮ."

"ಹಂಗಾದ್ರೆ ಮುಂದಿನ ವಾರ ಇನ್ನೊಂದ್ಸಲ ಕೇಳಿ ಹಾಕಿಸ್ಕೋ," ಅಂದೆ. ಅವಳ ಕಡೆ ತಿರುಗಲು ಮಾತ್ರ ಆಗಲಿಲ್ಲ.