ಮೈಕಪ್ಪನ ಎಡಗಿವಿ

ಮೈಕಪ್ಪನ ಎಡಗಿವಿ ಹೋದದ್ದು ಏಳನೇ ತರಗತಿಯಲ್ಲಿ, ಒಂದು ಸೋಮವಾರ ಬೆಳಿಗ್ಗೆ. ಕವಾಯತಿನ ಸಾಲಿನಲ್ಲಿ ಎಲ್ಲರೂ ಎಡಕ್ಕೆ ತಿರುಗಿದಾಗ ಇವನೊಬ್ಬ ಬಲಕ್ಕೆ ತಿರುಗಿದ್ದ. ಅಷ್ಟೇ ತಪ್ಪು. ಡ್ರಿಲ್ ಮೇಷ್ಟ್ರು ಸಾಲಿನ ಆ ತುದಿಯಿಂದ ಓಡಿಬಂದು, ಓಟದ ರಭಸವನ್ನೆಲ್ಲ ಅಂಗೈಗೆ ತಂದುಕೊಂಡು ಬಾರಿಸಿದರು. ಹುಡುಗ ಜಲ್ಲಿಕಲ್ಲಿನ ಮೇಲೆ ಬಿದ್ದ. ಬಿದ್ದವನ ಪಕ್ಕೆಗೆ ಬೂಟುಗಾಲಿನಿಂದ ಒಂದು, ಬೇಗ ಏಳಲಿಲ್ಲವೆಂದು ಇನ್ನೊಂದು. ಎದ್ದು ನಿಂತಾಗ ಮೇಷ್ಟ್ರ ಬಾಯಿ ಆಡುತ್ತಿತ್ತು, ಮಾತು ಮಾತ್ರ ಒಂದೇ ಕಡೆಯಿಂದ ಕೇಳಿಸುತ್ತಿತ್ತು. ಇನ್ನೊಂದು ಕಡೆ ಬರೀ ಕುಯ್ಯೆನ್ನುವ ಶಬ್ದ. ಅದು ಒಂದು ವಾರ ಹಾಗೇ ಕೂಗಿ ಕೂಗಿ ನಿಂತಿತು, ನಿಂತ ಮೇಲೆ ಆ ಕಿವಿಗೆ ಮತ್ತೇನೂ ಬರಲಿಲ್ಲ. ದಿಂಬಿನ ಮೇಲೆ ಕಂದುಬಣ್ಣದ ಕಲೆ ಕಂಡು ಅವ್ವ ಕೇಳಿದ್ದಕ್ಕೆ, ಬಾವಿಗೆ ಹಾರಿದಾಗ ನೀರು ಹೋಯಿತು ಅಂದ.

ಅಲ್ಲ, ಏಟು ತಿಂದವನು ಯಾಕೆ ಸುಳ್ಳು ಹೇಳಬೇಕು ಅಂತ ನೀವು ಕೇಳಬಹುದು. ಅವನ ಅಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಮನುಷ್ಯ, ಮುಂಗೋಪಿ. ನಿಜ ಹೇಳಿದ್ದರೆ, ಮೇಷ್ಟ್ರು ಸುಮ್ಮನೆ ಹೊಡೀತಾರಾ, ನೀನೇನು ಕಿಸಿದೆ ಹೇಳು ಎಂದು ಬಲಗಿವಿಗೂ ಒಂದು ಬಿಡುತ್ತಿದ್ದ. ಹಾಗಾಗಿ ಬಾವಿ ಕತೆ ಹುಟ್ಟಿತು. ಹೇಳಿ ಹೇಳಿ ಅದಕ್ಕೆ ಕೈಕಾಲು ಬಂದವು. ಬಾವಿಯಲ್ಲಿ ಒಂದು ಆಮೆ ಇತ್ತು, ಅದು ಹೆದರಿ ದಡ ಹತ್ತಿತು, ಇವನು ಹೆದರಿ ತಳ ಸೇರಿದ. ಮದುವೆಯಾದ ಮೇಲೆ ಹೆಂಡತಿಗೂ ಅದೇ ಕತೆ, ಮಗಳು ಹುಟ್ಟಿ ಬುದ್ಧಿ ಬಂದ ಮೇಲೆ ಅವಳಿಗೂ ಅದೇ. ಹೇಳುವಾಗ ನಗುತ್ತಿದ್ದ, ಕೇಳಿದವರೂ ನಗುತ್ತಿದ್ದರು. ಮೂವತ್ತು ವರ್ಷ ಹಾಗೇ ಸಾಗಿತು.

ಒಂದೇ ಕಿವಿಯವನು ಮೈಕ್‌ಸೆಟ್ಟಿನ ಕೆಲಸ ಹಿಡಿದದ್ದಕ್ಕೆ ಜನ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ಇದ್ದ ಆ ಒಂದು ಕಿವಿ ಎಂಥ ಕಿವಿ ಅಂದರೆ, ಸಭಾಂಗಣದ ಹಿಂದಿನ ಸ್ಪೀಕರ್ ಬಾಕ್ಸಿನ ವೈರು ಸಡಿಲವಾದರೆ ಮುಂದಿನ ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದ. ಅದಕ್ಕಿಂತ ಮುಖ್ಯವಾಗಿ ಅವನ ಬೆರಳಿಗೆ ಒಂದು ಒಳ್ಳೆಯ ಹೆಸರಿತ್ತು. ಎಲ್ಲಿ ಗಲಾಟೆ ಶುರುವಾದರೂ ದನಿ ಏರಿಳಿಸುವ ಮಿಕ್ಸರಿನ ಗುಂಡಿ ಸರಕ್ಕನೆ ಕೆಳಗಿಳಿಯುತ್ತಿತ್ತು. ಒಂದು ಸಂಘದ ಚುನಾವಣೆಯಲ್ಲಿ ಕುರ್ಚಿಗಳು ಹಾರಾಡಿ, ಕಾರ್ಯದರ್ಶಿಯ ಮುಂದಿನ ಹಲ್ಲು ಬಂದು ಮಿಕ್ಸರಿನ ಮೇಲೇ ಬಿದ್ದಿತ್ತು. ಮೈಕಪ್ಪ ಮೊದಲು ಗುಂಡಿ ಇಳಿಸಿದ, ಆಮೇಲೆ ಹಲ್ಲನ್ನು ಕಾಗದದಲ್ಲಿ ಸುತ್ತಿ ಕಾರ್ಯದರ್ಶಿಯ ಜೇಬಿಗೆ ಹಾಕಿ ಬಂದ. ಇನ್ನೊಂದು ಸಲ ಅಣ್ಣತಮ್ಮಂದಿರಿಬ್ಬರು ಅಪ್ಪನ ಸಂತಾಪ ಸಭೆಯಲ್ಲೇ ಕೊರಳಪಟ್ಟಿ ಹಿಡಿದು ಒಬ್ಬರನ್ನೊಬ್ಬರು ಹಣ್ಣುಗಾಯಿ ನೀರುಗಾಯಿ ಮಾಡಿದರು, ಹೊರಗೆ ನಿಂತಿದ್ದವರಿಗೆ ಒಂದು ಶಬ್ದವೂ ಕೇಳಿಸಲಿಲ್ಲ. ಆದದ್ದನ್ನು ಆಗಲಿಲ್ಲ ಅನ್ನಿಸುವ ಆ ಗುಣಕ್ಕೇ ಊರಿನವರೆಲ್ಲ ಅವನನ್ನೇ ಕರೆಯುತ್ತಿದ್ದರು.

ಊರಿನ ಮೂರು ಶಾಲೆಗಳು ಮತ್ತು ಯುವಕೇಂದ್ರ ಸೇರಿ ವರ್ಷದ ಕೊನೆಗೆ ಸಾಧಕರ ಸಂಭ್ರಮ ಅಂತ ಒಂದು ಕಾರ್ಯಕ್ರಮ ಮಾಡುತ್ತವೆ. ಆ ವರ್ಷ ಅದರಲ್ಲೇ ಡ್ರಿಲ್ ಮೇಷ್ಟ್ರಿಗೆ ನಿವೃತ್ತಿಯ ಸನ್ಮಾನ. ನಿವೃತ್ತಿ ಅಂದರೆ ಮನೆಗೆ ಹೋಗುವುದಲ್ಲ, ಮುಂದಿನ ತಿಂಗಳಿಂದ ಯುವಕೇಂದ್ರದ ಕ್ರೀಡಾ ಹಾಸ್ಟೆಲಿಗೆ ಅವರೇ ಮೇಲ್ವಿಚಾರಕರು. ಆ ಹಾಸ್ಟೆಲಿಗೆ ಈ ಸಲ ಆಯ್ಕೆಯಾದ ಆರು ಹುಡುಗಿಯರಲ್ಲಿ ಮೈಕಪ್ಪನ ಮಗಳೂ ಒಬ್ಬಳು. ಹದಿನಾಲ್ಕು ವರ್ಷ, ನಾನೂರು ಮೀಟರು ಓಡುತ್ತಾಳೆ, ಎರಡು ವರ್ಷದಿಂದ ಮೇಷ್ಟ್ರ ಕೈಕೆಳಗೇ ತರಬೇತಿ. ಒಪ್ಪಿಗೆ ಪತ್ರಕ್ಕೆ ತಾಯಿ ಸಹಿ ಹಾಕಿ ಹತ್ತು ದಿನವಾಗಿತ್ತು. ತಂದೆಯ ಸಹಿಯ ಜಾಗ ಖಾಲಿ ಇತ್ತು. ಕಾರ್ಯಕ್ರಮ ಮುಗಿಯುವುದರೊಳಗೆ ಕೊಡದಿದ್ದರೆ ಆ ಸೀಟು ಇನ್ನೊಬ್ಬಳಿಗೆ ಎಂದು ಹೆಡ್ ಮೇಡಂ ಹೇಳಿಕಳಿಸಿದ್ದರು.

ಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತು. ಕಾರಣವನ್ನಾದರೂ ಹೇಳಿ ಅಂತ ಹೆಂಡತಿ ಗಂಟುಬಿದ್ದರೆ, ಹೆಣ್ಣುಮಗು ಅಷ್ಟು ದೂರ ಇರುವುದು ಬೇಡ ಅನ್ನುತ್ತಿದ್ದ. ಹಾಸ್ಟೆಲು ಇದ್ದದ್ದು ಎರಡು ಬೀದಿ ಆಚೆ. ಎರಡು ಬೀದಿ ದೂರವೇ ಎಂದು ಅವಳು ಪಾತ್ರೆ ಕುಕ್ಕಿದಳು, ಮಗಳ ಕಾಲಿಗೆ ಕಲ್ಲು ಕಟ್ಟುತ್ತೀರಲ್ಲ, ಹೆತ್ತ ಅಪ್ಪನೇ ಹೌದಾ ಅಂದಳು. ಒಂದು ಮಧ್ಯಾಹ್ನ ಇವನಿಗೆ ತಡೆಯಲಾಗದೆ ಕೈ ಎತ್ತಿಬಿಟ್ಟ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ನಿಂತಿತಲ್ಲ ಅಂತ ಅವನಿಗೆ ಸಮಾಧಾನವಾಗಲಿಲ್ಲ, ಎತ್ತಿದೆನಲ್ಲ ಅಂತ ನಾಚಿಕೆಯಾಯಿತು. ಮಗಳು ಅದನ್ನು ನೋಡಿದಳು, ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು.

ಕಾರ್ಯಕ್ರಮದ ದಿನ ತಗಡಿನ ಚಾವಣಿಯ ಸಭಾಂಗಣ ತುಂಬಿ ತುಳುಕುತ್ತಿತ್ತು. ಒಂದು ದಿನವೂ ತಪ್ಪಿಸದೆ ಶಾಲೆಗೆ ಬಂದವಳಿಗೆ ಬಹುಮಾನ, ನೀರು ಸೋಸುವ ಯಂತ್ರದ ಮಾದರಿ ಮಾಡಿದವನಿಗೆ ಬಹುಮಾನ. ಕುಡಿತ ಬಿಟ್ಟು ಯುವಕೇಂದ್ರದಲ್ಲಿ ವೆಲ್ಡಿಂಗ್ ಕಲಿತ ಒಬ್ಬ ತರುಣ ಪ್ರಮಾಣಪತ್ರ ಹಿಡಿದು ವೇದಿಕೆಯಲ್ಲೇ ಗಳಗಳನೆ ಅತ್ತ, ಅವನ ತಾಯಿ ಕೆಳಗೆ ಅತ್ತಳು. ಚಂದವಾಗಿಯೇ ನಡೆಯುತ್ತಿತ್ತು ಬಿಡಿ. ಮೈಕಪ್ಪ ಮೂಲೆಯ ಮೇಜಿನಲ್ಲಿ ಕೂತು ಹೆಡ್‌ಫೋನನ್ನು ಬಲಗಿವಿಗೆ ಒತ್ತಿಕೊಂಡು ಗುಂಡಿ ಏರಿಸುತ್ತ ಇಳಿಸುತ್ತ ಇದ್ದ. ಪತ್ರ ಅಂಗಿಯ ಜೇಬಿನಲ್ಲಿ ಬೆವರಿಗೆ ಮೆತ್ತಗಾಗಿತ್ತು.

ಆಮೇಲೆ ಸನ್ಮಾನ. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಹತ್ತಿ ತಮಗೆ ಬಿದ್ದ ಏಟುಗಳನ್ನು ಬಣ್ಣಿಸಿದರು. ಇನ್ಸ್‌ಪೆಕ್ಟರು ಸೊಟ್ಟಗಾದ ಕಿರುಬೆರಳು ಎತ್ತಿ ತೋರಿಸಿ, ಇದು ಮೇಷ್ಟ್ರ ರೂಲುದೊಣ್ಣೆಯ ಮುದ್ರೆ ಅಂದರು. ಸಭೆ ನಕ್ಕಿತು. ಲಾರಿ ಮಾಲೀಕ ತನ್ನನ್ನು ತಲೆಕೆಳಗಾಗಿ ಕಿಟಕಿಗೆ ಕಟ್ಟಿ ಚಚ್ಚಿದ ಕತೆ ಹೇಳಿದ, ಆ ಏಟು ಬೀಳದಿದ್ದರೆ ಇವತ್ತು ಲಾರಿ ತೊಳೆಯುತ್ತಿದ್ದೆ ಅಂದ. ಸಭೆ ಇನ್ನೂ ನಕ್ಕಿತು. ಯುವಕೇಂದ್ರದ ಹುಡುಗರು ಮೇಷ್ಟ್ರ ಅಣಕು ಮಾಡಿ, ಸುತ್ತಿದ ಪೇಪರಿನಿಂದ ಒಬ್ಬರಿಗೊಬ್ಬರು ಕಪಾಳಮೋಕ್ಷ ಮಾಡಿಕೊಂಡು ಬಿದ್ದು ಹೊರಳಾಡಿದರು. ಕೊನೆಗೆ ಮೇಷ್ಟ್ರು ಎದ್ದರು. ಕಾಲರ್ ಮೈಕ್ ಸಿಕ್ಕಿಸುವಾಗ ಮೈಕಪ್ಪನ ಬೆರಳು ಅವರ ಕೊರಳಿಗೆ ತಾಗಿತು, ಚರ್ಮ ಸಡಿಲವಾಗಿತ್ತು, ಮುದುಕರ ಚರ್ಮ.

ತಾನು ಹೊಡೆದದ್ದು ನಿಜ, ಇಲ್ಲ ಅನ್ನುವುದಿಲ್ಲ, ಆದರೆ ತನ್ನ ಕೈ ತಾಗಿದವರು ಯಾರೂ ಕೆಟ್ಟಿಲ್ಲ ಅಂದರು ಮೇಷ್ಟ್ರು. ಬೇಕಾದರೆ ಮೂಲೆಯಲ್ಲಿ ಕೂತಿರುವ ನಮ್ಮ ಮೈಕಪ್ಪನನ್ನೇ ಕೇಳಿ ಎಂದರು. ಇಡೀ ಸಭೆ ತಿರುಗಿ ನೋಡಿತು. ಮೈಕಪ್ಪ ಎದ್ದು ನಿಂತು ಕೈಮುಗಿದ, ಹಲ್ಲು ಕಿರಿದ. ಹೌದು, ಹಲ್ಲು ಕಿರಿದ. ಆ ನಗುವನ್ನು ನೆನೆಸಿಕೊಂಡರೆ ಅವನಿಗೆ ಈಗಲೂ ಮೈ ಉರಿಯುತ್ತದೆ.

ಭಾಷಣ ಮುಗಿಸಿ ಮೇಷ್ಟ್ರು ರಿಲೇ ತಂಡವನ್ನು ಕರೆತರಲು ವೇದಿಕೆಯ ಹಿಂದಿನ ಕೋಣೆಗೆ ಹೋದರು. ಇತ್ತ ಚಿಕ್ಕ ಮಕ್ಕಳ ಹಾಡು ಶುರುವಾಗಬೇಕಿತ್ತು, ಮಕ್ಕಳು ಇನ್ನೂ ಸಾಲು ಕಟ್ಟುತ್ತಿದ್ದರು. ಮೇಷ್ಟ್ರು ಕಾಲರ್ ಮೈಕ್ ತೆಗೆಯುವುದನ್ನು ಮರೆತಿದ್ದರು. ಭಾಷಣಕಾರರೆಲ್ಲ ಮರೆಯುತ್ತಾರೆ, ಕೆಲವರು ಅದನ್ನು ಹಾಕಿಕೊಂಡೇ ಪಾಯಿಖಾನೆಗೂ ಹೋಗಿದ್ದಾರೆ. ಅದಕ್ಕೇ ಮೈಕಪ್ಪ ಗುಂಡಿಯನ್ನು ಪೂರ್ತಿ ಇಳಿಸಿಟ್ಟ. ಇಳಿಸಿದರೂ ಹೆಡ್‌ಫೋನಿನಲ್ಲಿ ಅವನೊಬ್ಬನಿಗೆ ಕೇಳಿಸುತ್ತಲೇ ಇರುತ್ತದೆ. ಬಾಗಿಲಿನ ಚಿಲಕ ಹಾಕಿದ ಸದ್ದು ಕೇಳಿತು. ಜಿಲ್ಲಾ ಸ್ಪರ್ಧೆಯಲ್ಲಿ ರಿಲೇ ಕೋಲು ಕೈಜಾರಿಸಿ ಎರಡನೇ ಸ್ಥಾನ ತಂದವಳು ಅಳುಮೂತಿ ಹೊತ್ತು ವೇದಿಕೆಗೆ ಬರುತ್ತೀಯಾ ಅಂತ ಮೇಷ್ಟ್ರು ಹಲ್ಲು ಕಚ್ಚಿ ಕೇಳುತ್ತಿದ್ದರು. ಆಮೇಲೆ ಚಟೀರ್ ಎಂದು ಒಂದು. ತಲೆ ಕಬ್ಬಿಣದ ಬೀರುವಿಗೆ ಬಡಿದ ಧಡ್ ಶಬ್ದ. ಮತ್ತೆ ಚಟೀರ್.

ರಿಲೇಯಲ್ಲಿ ನಾಲ್ವರು ಹುಡುಗಿಯರು, ಒಬ್ಬಳು ಅವನ ಮಗಳು. ಅಳು ಕೇಳುತ್ತಿತ್ತು, ಯಾರ ಅಳು ಎಂದು ಗುರುತು ಹತ್ತಲಿಲ್ಲ. ಹನ್ನೆರಡರಿಂದ ಹದಿನಾಲ್ಕರವರೆಗಿನ ಮಕ್ಕಳಿಗೆ ಏಟು ಬಿದ್ದಾಗ ಎಲ್ಲರದೂ ಒಂದೇ ಗಂಟಲು. ಓಡಿಹೋಗಲು ನಡುವೆ ನಾನೂರು ಜನ, ಆಚೆ ಚಿಲಕ. ಅವನ ಬೆರಳು ಆ ಗುಂಡಿಯ ಮೇಲೇ ಇತ್ತು. ಇಪ್ಪತ್ತು ವರ್ಷ ಇಳಿಸುವುದನ್ನೇ ಕಲಿತ ಬೆರಳು. ಅದನ್ನು ತುದಿಮುಟ್ಟ ಮೇಲಕ್ಕೆ ದೂಡಿದ.

ಎಂಟು ಬಾಕ್ಸುಗಳಲ್ಲಿ ಒಟ್ಟಿಗೆ ಚಟೀರ್ ಎಂದಿತು. ಸಭೆ ಏನು ಮಾಡಿತು ಗೊತ್ತಾ? ನಕ್ಕಿತು. ಅಣಕಿನ ಎರಡನೇ ಭಾಗ ಅಂದುಕೊಂಡರು. ಇನ್ನೊಂದು ಏಟಿಗೆ ಚಪ್ಪಾಳೆ ಬಿತ್ತು, ಇನ್ಸ್‌ಪೆಕ್ಟರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮೂರನೆಯದಕ್ಕೆ ಲಾರಿ ಮಾಲೀಕ, ಹಾಕಿ ಮೇಷ್ಟ್ರೇ, ಇನ್ನೊಂದು ಹಾಕಿ ಎಂದು ಕೂಗಿದ. ಆಗ ಬಾಕ್ಸುಗಳಿಂದ ಒಂದು ಸಣ್ಣ ದನಿ ಬಂತು.

"ಸರ್, ಕಿವಿಗೆ ಮಾತ್ರ ಬೇಡ ಸರ್. ಬೆನ್ನಿಗೆ ಹೊಡೀರಿ ಸರ್."

ಚಪ್ಪಾಳೆ ನಿಂತಿತು. ಹೆಡ್ ಮೇಡಂ ಮೈಕಪ್ಪನ ಕಡೆ ತಿರುಗಿ, ಇಳಿಸು ಇಳಿಸು ಎಂದು ಅಂಗೈಯನ್ನು ಕೆಳಕ್ಕೆ ಒತ್ತಿ ಸನ್ನೆ ಮಾಡಿದರು. ಮೈಕಪ್ಪ ಅವರ ಮುಖ ನೋಡುತ್ತಲೇ ಗುಂಡಿಯನ್ನು ಮೇಲೇ ಹಿಡಿದು ಕೂತ. ಮೂರನೇ ಸಾಲಿನಿಂದ ಸಮವಸ್ತ್ರ ಹೊಲಿಯುವ ದರ್ಜಿ ಹೆಂಗಸು ಎದ್ದಳು. ಮಗಳ ದನಿ ಅವಳಿಗೆ ಗೊತ್ತಾಗಿತ್ತು. ಬಹುಮಾನದ ಮೇಜಿನಿಂದ ಹಿತ್ತಾಳೆಯ ದೊಡ್ಡ ಫಲಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಬಾಗಿಲಿಗೆ ಬಡಿದಳು. ಇಬ್ಬರು ಭುಜ ಕೊಟ್ಟರು, ಚಿಲಕ ಕಿತ್ತುಬಂತು. ಅದೇ ಫಲಕ ಮೇಷ್ಟ್ರ ಹುಬ್ಬಿಗೆ ಬಿದ್ದದ್ದನ್ನು ಸಭೆಯಲ್ಲಿ ಯಾರೂ ನೋಡಲಿಲ್ಲ, ಎಲ್ಲರೂ ಕೇಳಿದರು.

ಮೇಷ್ಟ್ರು ರಕ್ತ ಒರೆಸಿಕೊಳ್ಳುತ್ತ ವೇದಿಕೆಗೆ ಬಂದು, ಏನೂ ಆಗಿಲ್ಲ, ಎಲ್ಲರೂ ಕೂತುಕೊಳ್ಳಿ ಅಂದರು. ತಮ್ಮದೇ ಏದುಸಿರು ಎಂಟು ಬಾಕ್ಸಿನಿಂದ ತಮಗೇ ವಾಪಸು ಬಂದಾಗ ಕಾಲರ್ ಮುಟ್ಟಿ ನೋಡಿಕೊಂಡರು. ಮೊದಲು ಕೈಮಾಡಿದವನು ಲಾರಿ ಮಾಲೀಕ. ನಿಮ್ಮಿಂದ ಉದ್ಧಾರವಾದೆ ಎಂದು ಶಾಲು ಹೊದಿಸಿದವನೇ ಆ ಶಾಲು ಹಿಡಿದು ಎಳೆದು ಕೆಡವಿದ. ಆಮೇಲೆ ಬೆಳೆದ ಗಂಡಸರು ಹತ್ತು ಹನ್ನೆರಡು ಜನ ಮುಗಿಬಿದ್ದು, ಅರುವತ್ತರ ಮುದುಕನನ್ನು ಅವರು ಕಲಿಸಿದ ಹಾಗೇ ತದುಕಿದರು, ಪಕ್ಕೆಗೆ ಒಂದು, ಬೇಗ ಏಳಲಿಲ್ಲವೆಂದು ಇನ್ನೊಂದು. ಮೈಕಪ್ಪನಿಗೂ ಹೋಗಿ ಮೇಷ್ಟ್ರ ಕಿವಿಯನ್ನು ಕಿತ್ತು ಕೈಗೆ ತೆಗೆದುಕೊಳ್ಳಬೇಕೆನ್ನಿಸಿತು. ಸುಳ್ಳು ಯಾಕೆ ಹೇಳಲಿ, ಅವನು ಎದ್ದೂ ಆಗಿತ್ತು. ಅಷ್ಟರಲ್ಲಿ ಮಗಳು ಜನರನ್ನು ಸೀಳಿಕೊಂಡು ಬಂದು ಅವನ ತೋಳು ಹಿಡಿದಳು. ಬಲಗಡೆಗೇ ಬಂದು ನಿಂತು, ಸಾಕು, ಇಳಿಸಪ್ಪ ಅಂದಳು. ಆ ಮಧ್ಯಾಹ್ನದ ನಂತರ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಅವನು ಗುಂಡಿ ಇಳಿಸಿದ.

ಆಮೇಲೆ ಊರಿನಲ್ಲಿ ಎರಡು ಪಕ್ಷವಾಯಿತು. ಮೈಕಪ್ಪ ಶಾಲೆಯ ಮಾನ ಕಳೆದ ಎಂದವರೇ ಹೆಚ್ಚು, ಒಂದು ವರ್ಷ ಯಾವ ಶಾಲೆಯೂ ಅವನನ್ನು ಕರೆಯಲಿಲ್ಲ. ದರ್ಜಿಯ ಮಗಳ ಕಿವಿ ಉಳಿಯಿತು, ನೆತ್ತಿಗೆ ಆರು ಹೊಲಿಗೆ ಬಿತ್ತು. ಹಾಸ್ಟೆಲಿಗೆ ಬೇರೆಯವರು ಬಂದರು. ಇದೆಲ್ಲ ಆಮೇಲಿನ ಮಾತು. ಆ ಸಂಜೆ, ಸಭಾಂಗಣ ಖಾಲಿಯಾದ ಮೇಲೆ, ಅಪ್ಪ ಮಗಳಿಬ್ಬರೇ ಮುರಿದ ಕುರ್ಚಿಗಳ ನಡುವೆ ವೈರು ಸುತ್ತುತ್ತಿದ್ದರು.

ನಿನಗೂ ಹೊಡೆದಿದ್ದಾರಾ ಎಂದು ಕೇಳಿದ. ಅವಳು ಲಂಗ ಸ್ವಲ್ಪ ಮೇಲೆತ್ತಿ, ಸಾಕ್ಸ್ ಕೆಳಗಿಳಿಸಿ ಮೀನಖಂಡ ತೋರಿಸಿದಳು. ಹಳೆಯ ಬಾಸುಂಡೆಗಳ ಮೇಲೆ ಹೊಸ ಬಾಸುಂಡೆಗಳಿದ್ದವು. ಎರಡು ವರ್ಷದಿಂದ ಅವಳು ಮನೆಯಲ್ಲೂ ಉದ್ದ ಸಾಕ್ಸ್ ಹಾಕುತ್ತಿದ್ದದ್ದು ಓಟಗಾರರ ಷೋಕಿ ಅಂತ ಅವನು ತಿಳಿದಿದ್ದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಬಾಯಿಬಿಟ್ಟ.

"ನನ್ನ ಕಿವಿ ಬಾವಿಗೆ ಹಾರಿ ಹೋಗಿದ್ದಲ್ಲ ಕಣಮ್ಮ."

"ಗೊತ್ತಪ್ಪ. ತರಬೇತಿಯ ಮೊದಲನೇ ದಿನವೇ ಎಲ್ಲರ ಮುಂದೆ ಸರ್ರೇ ಹೇಳಿದ್ರು. ನಿಮ್ಮಪ್ಪನ ಕಿವಿಗೆ ಏನಾಯ್ತು ಹೋಗಿ ಕೇಳು ಅಂತ."

ಅವನ ಕೈಯಿಂದ ವೈರು ಜಾರಿತು. ಕೇಳಬಹುದಿತ್ತಲ್ಲ, ಬಂದು ಹೇಳಬಹುದಿತ್ತಲ್ಲ, ಯಾಕೆ ಎರಡು ವರ್ಷ ಸಹಿಸಿಕೊಂಡೆ ಎಂದು ಅವಳ ಭುಜ ಹಿಡಿದ. ಅವಳು ಸಿಟ್ಟಿನಿಂದ ಹೇಳಲಿಲ್ಲ, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ ಹೇಳಿದಳು.

"ನೀನೂ ಸುಮ್ನೆ ಇದ್ಯಲ್ಲಪ್ಪ. ಹಾಗೇ ಇರಬೇಕೇನೋ ಅಂದ್ಕೊಂಡೆ."

ಮೈಕಪ್ಪ ವೇದಿಕೆಯ ಮೆಟ್ಟಿಲ ಮೇಲೆ ಕೂತು, ಮಗಳ ಎದುರೇ ಬಾಯಿಬಿಟ್ಟು ಅತ್ತ.