ಗ್ರೀಸಿನ ಅತಿಥಿಗೆ ಊಟ ಹುಡುಕಿದ್ದು

ಗೆಳೆಯರೇ, ಇವತ್ತು ನನ್ನ ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ. ಯಶವಂತಪುರದ ನಮ್ಮ ಕಾರ್ಖಾನೆಗೆ ಯಂತ್ರ ಕೊಳ್ಳಲು ಗ್ರೀಸ್ ದೇಶದವರೊಬ್ಬರು ಬಂದಿದ್ದರು. "ಅವರ ಕಡೆ ಊಟ ಎಲ್ಲಿ ಸಿಗುತ್ತೆ ನೋಡ್ರಿ. ಆರ್ಡರ್ ತಪ್ಪಿದ್ರೆ ನೀವು ಪರ್ಮನೆಂಟ್ ಆಗೋದನ್ನ ಮರ್ತುಬಿಡಿ" ಎಂದರು ಮ್ಯಾನೇಜರು.

ಎಂ.ಜಿ. ರೋಡಿನ ಹೋಟೆಲುಗಳಿಗೆಲ್ಲ ಫೋನ್ ಮಾಡಿದೆ. "ಚೈನೀಸ್ ಇದೆ ಸಾರ್, ಸಾಕಾ?" ಎಂದರು. ಬೇರೆ ದಾರಿ ಕಾಣದೆ, ಹೆಂಡತಿ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರನ್ನೇ ಅವರ ಮುಂದಿಟ್ಟೆ. ಅವರು ರೊಟ್ಟಿ ಮುರಿದು ತಿನ್ನತೊಡಗಿದರು. ಕೊನೆಗೆ ಬದನೆಕಾಯಿ ತೋರಿಸಿ, ಇನ್ನೂ ಇದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಮ್ಯಾನೇಜರು ಹಿಗ್ಗಿಹೋದರು. "ನಾಳೆ ಇನ್ನೂ ನಾಲ್ಕು ಜನ ಬರ್ತಾರೆ. ಊಟ ನಿಮ್ಮನೇಲೇ ಕಣ್ರೀ."

ಕೆಲಸದ ಭಯವೇನೋ ಹೋಯಿತು. ಹೆಂಡತಿಗೆ ಮಾತ್ರ ಇನ್ನೂ ಹೇಳಿಲ್ಲ.