ಐವತ್ತು ಮೀಟರಿಗೆ ನಾನು ಆರಿಸಿದ ಸ್ಕೋಪ್

ಪೊಲೀಸ್ ಇಲಾಖೆಯ ಶಸ್ತ್ರಾಗಾರದಲ್ಲಿ ಮೂವತ್ತೆರಡು ವರ್ಷ ಆರ್ಮರರ್ ಆಗಿ ದುಡಿದು, ನಿವೃತ್ತನಾದ ಮರುವರ್ಷವೇ ನಾನು ಶಿಕಾರಿಪುರದ ಹೊರಗಿನ ಒಂದು ರೈಫಲ್ ಕ್ಲಬ್ಬಿಗೆ ತರಬೇತುದಾರನಾಗಿ ಸೇರಿದೆ. ಆರ್ಮರರ್ ಎಂದರೆ ಕೋವಿ ಬಿಚ್ಚಿ, ರಿಪೇರಿ ಮಾಡಿ, ಗುರಿ ಹೊಂದಿಸಿ ಕೊಡುವವನು. ಈಗ ಹೇಳಹೊರಟಿರುವುದು ಮೂರು ವರ್ಷದ ಹಿಂದಿನ ಮಾತು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಸಾಹಸ ಓದಬೇಕೆನ್ನುವವರು ಪುಟ ತಿರುವಿಕೊಳ್ಳಬಹುದು.

ಈಸೂರಿನ ದಾರಿಯಲ್ಲಿ ಕೆಲಸ ನಿಂತ ಒಂದು ಕಲ್ಲು ಕ್ವಾರಿಯೇ ನಮ್ಮ ರೇಂಜ್, ಗುರಿ ಅಭ್ಯಾಸದ ಜಾಗ. ಅಧ್ಯಕ್ಷರು ರುದ್ರಗೌಡರು, ಊರಿಗೆ ದೊಡ್ಡ ಹಿಡುವಳಿದಾರರು, ಕ್ವಾರಿಯ ಜಾಗವೂ ಅವರದ್ದೇ. ಸದಸ್ಯರಲ್ಲಿ ಒಬ್ಬಳೇ ಹೆಂಗಸು ಮಂಜುಳಾ. ಸೊರಬ ತಾಲೂಕಿನ ಉಳವಿ ಕಡೆಯವಳು, ಜಮೀನು ಅಳೆಯುವ ಸರ್ವೆಯರ್. ಮನೆಯಲ್ಲಿ ಗದ್ದೆ, ಕುರಿ ಎರಡೂ ಇದ್ದವು. ಪ್ರತಿ ಭಾನುವಾರ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಎಲ್ಲರಿಗಿಂತ ಮೊದಲು ಬಂದು ಮರಳಿನ ಚೀಲ ಜೋಡಿಸಿಕೊಂಡು ಕೂತಿರುತ್ತಿದ್ದಳು. ಮಾತು ಕಮ್ಮಿ. ನನಗೆ ಅವಳನ್ನು ಕಂಡರೆ ಅಷ್ಟಕ್ಕಷ್ಟೇ. ನಾನು ಏನಾದರೂ ಹೇಳಿದರೆ ತಲೆಯಾಡಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು, ಅದು ನನಗೆ ಸೇರುತ್ತಿರಲಿಲ್ಲ.

ಆ ವರ್ಷ ರಾಜ್ಯಮಟ್ಟದ ಒಂದು ಸ್ಪರ್ಧೆಗೆ ಆಹ್ವಾನ ಬಂತು. ರೈಫಲ್ಲನ್ನು ಮೇಜಿನ ಮೇಲೆ ಮರಳುಚೀಲಕ್ಕೆ ಆನಿಸಿ, ಸ್ಕೋಪ್ ಎಂಬ ದುರ್ಬೀನಿನಲ್ಲಿ ನೋಡಿ ಹೊಡೆಯುವ ಸ್ಪರ್ಧೆ. ಎರಡು ವಿಭಾಗ: ಸಣ್ಣ ಬೋರಿನ, ಅಂದರೆ ಕಿರಿದಾದ ನಳಿಗೆಯ .22 ಐವತ್ತು ಮೀಟರಿಗೆ, ದೊಡ್ಡ ಬೋರು ಇನ್ನೂ ದೂರಕ್ಕೆ. ಒಂದು ಕ್ಲಬ್ಬು ಒಂದೇ ವಿಭಾಗಕ್ಕೆ, ಒಬ್ಬರನ್ನೇ ಕಳಿಸಬಹುದು. ಕ್ಲಬ್ಬಿನ ಹೆಸರಲ್ಲಿ ಇದ್ದದ್ದು .22 ರೈಫಲ್, ಅದನ್ನು ಯಾವ ಸದಸ್ಯರಾದರೂ ಹೊಡೆಯಬಹುದಿತ್ತು. ದೊಡ್ಡ ಬೋರಿನ .315 ಇದ್ದದ್ದು ಹಂದಿ ಕಾಟಕ್ಕೆಂದು ಪರವಾನಗಿ ಪಡೆದ ಗೌಡರ ಮನೆಯಲ್ಲಿ, ಅವರ ಮೂರ್ನಾಲ್ಕು ಗೆಳೆಯರ ಮನೆಯಲ್ಲಿ. ಅಂದರೆ ಲೆಕ್ಕ ಸರಳ. ಕ್ಲಬ್ಬು .22ಕ್ಕೆ ಹೋದರೆ ಮಂಜುಳಾ ಹೋಗುತ್ತಾಳೆ, ಏಕೆಂದರೆ ಬರಿಗಣ್ಣಿನ ಗುರಿಯಲ್ಲಿ ಅವಳನ್ನು ಮೀರಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ. .315ಕ್ಕೆ ಹೋದರೆ ಅವಳು ಮನೆಗೆ, ಗೌಡರು ಸ್ಪರ್ಧೆಗೆ.

.22 ರೈಫಲ್ಲಿಗೆ ಸ್ಕೋಪ್ ಆರಿಸುವ ಕೆಲಸ ನನಗೆ ಬಂತು. ಅಂಗಡಿಯವನು ಎರಡು ತಂದು ತೋರಿಸಿದ. ಒಂದು ಪುಟ್ಟದು, ಮುಂದೆ ತಿರುಗಿಸುವ ಒಂದು ಉಂಗುರ ಇದ್ದದ್ದು. ಇನ್ನೊಂದು ಗಟ್ಟಿಮುಟ್ಟಾದದ್ದು, ಮೂರರಿಂದ ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸುವಂಥದು, ಮುಂದಿನ ಗಾಜು ನಲವತ್ತು ಮಿಲಿಮೀಟರ್. ದೊಡ್ಡದನ್ನು ಕೈಗೆ ತೆಗೆದುಕೊಂಡವನೇ ಮೇಜಿಗೆ ಎರಡು ಸಲ ಕುಟ್ಟಿದೆ, ಬಕೆಟ್ ನೀರಿನಲ್ಲಿ ಅದ್ದಿದೆ. ಏನೂ ಆಗಲಿಲ್ಲ. ಶಸ್ತ್ರಾಗಾರದಲ್ಲಿ ನಾವು ನೋಡುತ್ತಿದ್ದದ್ದೇ ಅಷ್ಟು: ಬಿದ್ದರೆ ತಡೆಯುತ್ತದೋ ಇಲ್ಲವೋ, ಗುರಿ ಕದಲುತ್ತದೋ ಇಲ್ಲವೋ. ಪುಟ್ಟದನ್ನು "ಇದು ಮಕ್ಕಳ ಆಟಕ್ಕೆ ಇಟ್ಕೋ ಮಾರಾಯ" ಎಂದು ವಾಪಸ್ ಕಳಿಸಿದೆ.

ಹೊಸ ಸ್ಕೋಪ್ ಕೂರಿಸಿ ನಾನೇ ಹತ್ತು ಗುಂಡು ಹೊಡೆದೆ. ಐವತ್ತು ಮೀಟರಿನ ಗುರಿಹಲಗೆಯಲ್ಲಿ ನಡುವಿನ ಹತ್ತರ ವೃತ್ತ ಹತ್ತೂವರೆ ಮಿಲಿಮೀಟರಿಗಿಂತಲೂ ಸಣ್ಣದು; ಅದರ ಸುತ್ತ ಒಂಬತ್ತು, ಎಂಟು ಎಂದು ಅಂಕ ಇಳಿಯುತ್ತ ಹೋಗುವ ವೃತ್ತಗಳು. ಎಂಟು ಗುಂಡು ಅದರೊಳಗೆ ಬಿದ್ದವು. ಮೀಸೆಯ ಮೇಲೆ ಕೈ ಹೋಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮಂಜುಳಾ ಕೂತಳು. ಒಂದು ಹತ್ತಕ್ಕೆ, ಒಂದು ಎಂಟಕ್ಕೆ, ಮುಂದಿನದು ಒಂಬತ್ತಕ್ಕೆ, ಮತ್ತೊಂದು ಎದುರು ಬದಿಯ ಎಂಟಕ್ಕೆ. ಅವಳು ಸ್ಕೋಪಿನಿಂದ ಕಣ್ಣು ತೆಗೆದು ಹೇಳಿದಳು: "ಸರ್, ಒಳಗಿನ ಗೆರೆ ಅಲ್ಲಾಡ್ತದೆ."

"ಗೆರೆ ಗಾಜಿನಲ್ಲಿ ಕೆತ್ತಿರೋದಮ್ಮ, ಅದೆಲ್ಲಿಗೆ ಹೋಗುತ್ತೆ? ನಿನ್ನ ಉಸಿರು ಸರಿಯಿಲ್ಲ."

ಮುಂದಿನ ಮೂರು ಭಾನುವಾರವೂ ಇದೇ ಹಾಡು. ಅವಳು ಹೇಳುವುದು, ನಾನು ಬೈಯುವುದು. ನಾನು ಹೊಡೆದರೆ ಗುಂಡುಗಳು ಒಂದೇ ಕಡೆ ಕೂರುತ್ತಿದ್ದವು. ಅವಳು ಹೊಡೆದರೆ ಚೆಲ್ಲಾಪಿಲ್ಲಿ. ಇದಕ್ಕಿಂತ ಸಾಕ್ಷಿ ಬೇಕೆ? ಮೂರನೆಯ ವಾರ ಎಲ್ಲರೆದುರಿಗೇ ಬಾಯಿಗೆ ಬಂದದ್ದು ಅಂದುಬಿಟ್ಟೆ: "ಕುರಿ ಎಣಿಸೋ ಕಣ್ಣಿಗೆ ಸ್ಕೋಪ್ ಯಾಕಮ್ಮ ಬೇಕು?" ಗೌಡರ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ರೈಫಲ್ ಖಾಲಿ ಮಾಡಿ, ಗುಂಡು ಒಳಗೆ ತಳ್ಳುವ ಬೋಲ್ಟ್ ತೆಗೆದಿಟ್ಟು, ಬಸ್ಸಿಗೆ ಹೋದಳು. ನೀಚ ಮಾತು ಅದು. ಆಡಿದ ಗಳಿಗೆಯಲ್ಲೇ ಗೊತ್ತಾಗಿತ್ತು, ಆದರೂ ವಾಪಸ್ ತೆಗೆದುಕೊಳ್ಳಲಿಲ್ಲ.

ಗೌಡರು ಕಾಯುತ್ತಿದ್ದದ್ದೇ ಇದಕ್ಕೆ. "ನಿಮ್ಮ ಇಪ್ಪತ್ತೆರಡು ಗುಬ್ಬಿ ಹೊಡಿಯೋ ಸಾಮಾನು ಐತ್ರೀ. .315 ತರೋಣು, ಒಂದೇ ಏಟಿಗೆ ಹಂದಿ ಕೆಡವ್ತೈತಿ" ಎಂದರು. ಕಾಗದದ ಹಲಗೆಯನ್ನು ಕೆಡವಬೇಕಾಗಿಲ್ಲ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ. ನಮ್ಮ ಕಡೆ ಕೋವಿ ಎಂದರೆ ಬೆಳೆ ಕಾಯುವುದು, ದೊಡ್ಡದಾದಷ್ಟೂ ಒಳ್ಳೆಯದು. ಅಷ್ಟೂ ಗೊತ್ತಿದ್ದ ನಾನು ಏನು ಮಾಡಿದೆ? ನನ್ನ ಸ್ಕೋಪ್ ತಪ್ಪು ಎನ್ನುವುದಕ್ಕಿಂತ ಬೋರು ತಪ್ಪು ಎನ್ನುವುದು ಸಲೀಸು ಅನ್ನಿಸಿತು. .22 ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ, ಕ್ವಾರಿಯ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ; .315 ಗುಂಡು ಹದಿನೈದು ಗ್ರಾಂ ದಾಟುತ್ತದೆ, ಗಾಳಿಗೆ ಅಷ್ಟು ಜಗ್ಗುವುದಿಲ್ಲ; ಆದ್ದರಿಂದ ಕ್ಲಬ್ಬು ದೊಡ್ಡ ಬೋರಿನ ವಿಭಾಗಕ್ಕೆ ಹೋಗುವುದು ಸೂಕ್ತ. ಹೀಗೆ ಒಂದು ಪುಟದ ವರದಿ ಬರೆದು ಸಹಿ ಹಾಕಿದೆ. ಗಾಳಿಯ ಮಾತು ಸುಳ್ಳಲ್ಲ. ಆದರೆ ಆ ಮೂರು ಭಾನುವಾರ ಕ್ವಾರಿಯಲ್ಲಿ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ, ಅದನ್ನು ನಾನು ಬರೆಯಲಿಲ್ಲ.

ವರದಿ ಒಪ್ಪಲು ಮುಂದಿನ ಭಾನುವಾರ ಬೆಳಿಗ್ಗೆ ಸಮಿತಿ ರೇಂಜಿನಲ್ಲೇ ಸೇರಿತು. ಮಂಜುಳಾ ಆಗಲೇ ಬಂದಿದ್ದಳು. ರೈಫಲ್ಲಿನ ಬೋಲ್ಟ್ ತೆಗೆದು ಪಕ್ಕಕ್ಕಿಟ್ಟು, ಮುಂದೆ ಹಿಂದೆ ಮರಳುಚೀಲ ಒತ್ತಿ, ಅಲುಗದ ಹಾಗೆ ಕೂರಿಸಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಅಧ್ಯಕ್ಷರಿಗೆ ಹೇಳಿದಳು: "ಗೌಡ್ರೇ, ಸಹಿ ಹಾಕೋಕೆ ಮೊದಲು ಒಂದ್ಸಲ ಇದರಲ್ಲಿ ನೋಡ್ರಿ. ಕೋವಿ ಮುಟ್ಟಬೇಡಿ. ತಲೆ ಮಾತ್ರ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸ್ರಿ."

ಗೌಡರು ನಗುತ್ತಲೇ ಬಗ್ಗಿದರು. "ಏ, ಇದೇನ್ರೀ ಇದು! ಗೆರಿ ಹಲಗಿ ಮ್ಯಾಲೆ ಓಡಾಡ್ತೈತಿ!"

ಗೌಡರನ್ನು ಸರಿಸಿ ನಾನೇ ಕೂತೆ. ಕೋವಿ ಕಲ್ಲಿನಂತೆ ನಿಂತಿತ್ತು. ನನ್ನ ಕಣ್ಣು ಸ್ವಲ್ಪ ಸರಿದರೆ, ಅಡ್ಡ ಉದ್ದ ಗೆರೆಗಳು ಕೂಡುವ ಜಾಗ ಹತ್ತರಿಂದ ಒಂಬತ್ತಕ್ಕೆ, ಮತ್ತೆ ಆಚೆಯ ಒಂಬತ್ತಕ್ಕೆ ಜಾರುತ್ತಿತ್ತು. ಇದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ. ಗೆರೆ ಒಂದು ಆಳದಲ್ಲಿ, ಹಲಗೆಯ ಬಿಂಬ ಇನ್ನೊಂದು ಆಳದಲ್ಲಿ ನಿಂತರೆ, ಕಣ್ಣು ಸರಿದಂತೆ ಒಂದರ ಮೇಲೊಂದು ಜಾರುತ್ತವೆ. ನಾನು ತಂದ ಸ್ಕೋಪ್ ನೂರು ಗಜಕ್ಕೆಂದು ಕಾರ್ಖಾನೆಯಲ್ಲೇ ಬಿಗಿದದ್ದು. ಐವತ್ತು ಮೀಟರಿನಲ್ಲಿ ಅದು ಒಂದು ಸೆಂಟಿಮೀಟರಿನಷ್ಟು ತಪ್ಪು ತೋರಿಸಬಲ್ಲದು, ಅಂದರೆ ಒಂದು ವೃತ್ತಕ್ಕಿಂತ ಹೆಚ್ಚು. ನಾನು ವಾಪಸ್ ಕಳಿಸಿದ ಪುಟ್ಟ ಸ್ಕೋಪಿನ ಉಂಗುರ ಇದ್ದದ್ದು ದೂರಕ್ಕೆ ತಕ್ಕಂತೆ ಇದನ್ನೇ ಸರಿಪಡಿಸಲು.

ಹಾಗಾದರೆ ನನ್ನ ಗುಂಡು ಯಾಕೆ ತಪ್ಪಲಿಲ್ಲ? ಮೂವತ್ತೆರಡು ವರ್ಷದ ಅಭ್ಯಾಸ. ನನ್ನ ಕೆನ್ನೆ ಪ್ರತಿ ಸಲ ಕೋವಿಯ ಹಿಂಬದಿಯ ಮರದ ಅದೇ ಜಾಗದಲ್ಲಿ ಹೋಗಿ ಕೂರುತ್ತದೆ, ಕಣ್ಣು ಅಲುಗುವುದಿಲ್ಲ. ಆ ಮರ ನನ್ನಂಥ ಗಂಡಸಿನ ಅಳತೆಯದು. ಅವಳ ಮುಖ ಸಣ್ಣದು, ಕೆನ್ನೆಗೆ ಆಸರೆ ಸಿಗದೆ ಸ್ಕೋಪ್ ಮಟ್ಟಕ್ಕೆ ಕತ್ತು ಎತ್ತಿ ಹಿಡಿಯಬೇಕಾಗಿತ್ತು. ನಾನು ಇದ್ದಬದ್ದ ತಪ್ಪನ್ನೆಲ್ಲ ಅವಳ ಉಸಿರಿನಲ್ಲಿ ಹುಡುಕಿದೆ, ಹುಟ್ಟಿದ ಮನೆಯಲ್ಲಿ ಹುಡುಕಿದೆ.

"ಅದಕ್ಕೇ ಹೇಳೋದು, ಕೆನ್ನೆ ಒಂದೇ ಕಡೆ ಇಡಬೇಕು ಅಂತ," ಅಂದೆ. ಹೌದು, ಆಗಲೂ ಬಿಡಲಿಲ್ಲ ನಾನು.

ಅವಳು ಈಗ ನನ್ನ ಕಡೆ ತಿರುಗಿದಳು. "ಸರ್, ಹೊಲದ ಬದುವಿಗೆ ದುರ್ಬೀನಿನ ಯಂತ್ರ ಇಟ್ಟಾಗ ನಾವು ಮೊದಲು ಮಾಡೋದೇ ಇದು. ಕಣ್ಣು ಆಡಿಸಿ ಗೆರೆ ಓಡುತ್ತಾ ನೋಡ್ತೀವಿ. ಓಡಿದರೆ ಅಳತೆ ಬರೆಯಲ್ಲ, ಬರೆದರೆ ಅಣ್ಣತಮ್ಮಂದಿರು ಬಡಿದಾಡ್ತಾರೆ. ಮೊದಲ ದಿನವೇ ಹೇಳಿದ್ದೆ ನಿಮಗೆ. ನಾಲ್ಕು ಸಲ ಹೇಳಿದೆ."

ಗೌಡರು ವರದಿಯನ್ನು ಕೈಗೆತ್ತಿಕೊಂಡು, "ಇರ್ಲಿ ಬಿಡವ್ವ, ಸಾಹೇಬ್ರ ಸಹಿ ಆಗಿಹೋಗೈತಿ. ಈ ಸಲ .315 ಇರ್ಲಿ, ಮುಂದಿನ ವರ್ಷ ನೀ ಹೋಗುವಂತಿ" ಎಂದರು. ನನ್ನ ಭುಜದ ಮೇಲೆ ಕೈಯನ್ನೂ ಇಟ್ಟರು. ಆ ಕೈ ನನಗೆ ಅಸಹ್ಯವಾಯಿತು. ನನ್ನ ಮಾನ ಉಳಿಸುವ ಉಪಕಾರ ಅದು, ಸ್ಪರ್ಧೆಯಲ್ಲಿ ಅವಳ ಜಾಗವನ್ನು ಬಲಿಕೊಟ್ಟು.

ವರದಿಯನ್ನು ಅವರ ಕೈಯಿಂದ ತೆಗೆದುಕೊಂಡು, ನನ್ನ ಸಹಿಯ ಕೆಳಗೇ ಬರೆದೆ: ಗಾಳಿಯ ಕಾರಣ ಸುಳ್ಳು, ಸ್ಕೋಪಿನ ಆಯ್ಕೆ ತಪ್ಪು, ಎರಡೂ ನನ್ನದು, ಬೋರು ಬದಲಿಸುವ ಅಗತ್ಯವಿಲ್ಲ. ಓದಿದ ಗೌಡರ ಮುಖ ಗಂಟಾಯಿತು. "ನಿಮ್ಮಂಥೋರನ್ನ ಕರ್ಕೊಂಬಂದಿದ್ದು ನನ್ನ ತಪ್ಪು" ಎಂದು ಗೊಣಗಿಕೊಂಡು ಜೀಪು ಹತ್ತಿದರು. ಆಮೇಲೆ ಆರು ತಿಂಗಳು ನನ್ನ ಜೊತೆ ಮಾತಿಲ್ಲ.

ಮುಂದಿನ ವಾರ ಪುಟ್ಟ ಸ್ಕೋಪನ್ನು ತರಿಸಿದೆವು. ಕೋವಿಯ ಮರದ ಮೇಲೆ ಕಂಬಳಿಯ ತುಂಡು ಸುತ್ತಿ ಅವಳ ಕೆನ್ನೆಯ ಎತ್ತರಕ್ಕೆ ಹೊಂದಿಸಿದೆ. ಅವಳು ಉಂಗುರ ತಿರುಗಿಸಿ, ತಲೆ ಆಡಿಸಿ, ಗೆರೆ ನಿಂತದ್ದನ್ನು ಖಚಿತ ಮಾಡಿಕೊಂಡು ಹತ್ತು ಗುಂಡು ಹೊಡೆದಳು. ಒಂಬತ್ತು ಗುಂಡು ಹತ್ತರ ವೃತ್ತದೊಳಗೆ, ಒಂದು ಅದರ ಅಂಚಿಗೆ ತಾಗಿಕೊಂಡು. ನನಗಿಂತ ಮೇಲು. ಗೌಡರಿಲ್ಲದ ಸಮಿತಿ ಅಲ್ಲೇ .22 ವಿಭಾಗಕ್ಕೆ ಅವಳ ಹೆಸರು ಬರೆಯಿತು, ಜೊತೆಗೆ ತರಬೇತುದಾರರಾಗಿ ಯಾರು ಹೋಗುವುದು ಎಂಬ ಸಾಲಿಗೆ ನನ್ನ ಹೆಸರು ಬರೆಯಲು ಹೊರಟಿತು.

"ಇವರು ಬೇಡ" ಎಂದಳು ಮಂಜುಳಾ.

ತಪ್ಪು ಒಪ್ಪಿಕೊಂಡ ಮೇಲೂ ಇದಾ ಅಂತ ನನಗೆ ಉರಿದುಹೋಯಿತು. "ನನ್ನ ಕೆಲಸದಲ್ಲಿ ಇನ್ನೇನು ಕೊರತೆ ಕಂಡಿತಮ್ಮ ನಿಂಗೆ?" ಎಂದು ಕೇಳಿದೆ.

"ಕೆಲಸ ನಿಮಗೆ ಚೆನ್ನಾಗಿ ಗೊತ್ತು ಸರ್. ಆದ್ರೆ ಅಲ್ಲಿ ಏನಾದ್ರೂ ಕೆಟ್ಟರೆ, ನಾನು ಒಂದ್ಸಲ ಹೇಳಿದ ಕೂಡಲೇ ನಂಬೋರು ಬೇಕು ನನಗೆ. ನಾಲ್ಕು ವಾರ ಅಲ್ಲಿ ಸಿಗಲ್ಲ."

ಅವಳು ಬೇರೆಯವರ ಜೊತೆ ಹೋದಳು. ಆ ಕೋಪ ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಅವಳ ಮೇಲಿನದು ಇಳಿದು ಎಷ್ಟೋ ದಿನವಾಯಿತು, ಉಳಿದದ್ದು ನನ್ನ ಮೇಲಿನದು. ಈಗ ಯಾರೇ ಕೋವಿ ತಂದು ಏನೋ ಸರಿಯಿಲ್ಲ ಎಂದರೆ, ನಾನು ಹೊಡೆದು ತೋರಿಸಲು ಹೋಗುವುದಿಲ್ಲ. ಅವರನ್ನೇ ಕೂರಿಸಿ, ಅವರ ಕೆನ್ನೆ ಎಲ್ಲಿ ಕೂರುತ್ತದೋ ಅಲ್ಲಿ ನನ್ನ ಕಣ್ಣಿಟ್ಟು, ಅವರಿಗೆ ಕಂಡದ್ದು ನನಗೂ ಕಾಣುವವರೆಗೆ ಬಾಯಿ ಮುಚ್ಚಿಕೊಂಡು ನೋಡುತ್ತೇನೆ.